ಫಿನ್‌ರಾಡ್ ಯಾರ ಮಗ?

ಇಂಗ್ಲಿಷ್ ಲೇಖಕ ಟೋಲ್ಕಿನ್ ಅವರ ಕಲ್ಪಿತ ಪುರಾಣಕಥೆಗಳ ಪುಸ್ತಕ ‘ದಿ ಸಿಲ್ಮರಿಲಿಯನ್’ ಓದುವಾಗ ಫಿನ್ವೆ, ಫಿಂಗೊಲ್ಫಿನ್, ಫಿನಾರ್ಫಿನ್, ಫಿಂಗಾನ್, ಫಿನ್‌ರಾಡ್ ಎಂದು ಒಂದೇ ಮನೆತನದ ಹೆಸರುಗಳು ಕಲಸಿಹೋಗುತ್ತವೆ. ನಿನ್ನೆ ರಾತ್ರಿ ಮತ್ತೆ ಹಾಗಾದಾಗ ಆ ಲೋಕದ ಹೆಸರುಗಳನ್ನು ವಿವರಿಸುವ ಪದಕೋಶ, ರಾಬರ್ಟ್ ಫಾಸ್ಟರ್ ಅವರ ‘ದಿ ಕಂಪ್ಲೀಟ್ ಗೈಡ್ ಟು ಮಿಡ್ಲ್ ಅರ್ಥ್’ ತೆರೆದೆ. ಅಕಾರಾದಿಯ ಕೃಪೆಯಿಂದ ತಾತ, ಮಕ್ಕಳು, ಮೊಮ್ಮಕ್ಕಳೆಲ್ಲ ಅಕ್ಕಪಕ್ಕದಲ್ಲೇ ಕುಳಿತಿದ್ದರು. ಫಿನ್‌ರಾಡ್ ಫಿನಾರ್ಫಿನ್‌ನ ಹಿರಿಯ ಮಗನೆಂದು ತಿಳಿದ ಮೇಲೂ ಪುಟ ಮುಚ್ಚಲು ಮನಸ್ಸಾಗಲಿಲ್ಲ.

ಆದರೆ ಈ ಕೈಪಿಡಿ ಪೂರ್ಣರೂಪ ಪಡೆದದ್ದು 1978ರಲ್ಲಿ. ಆ ಬಳಿಕ, 1983ರಿಂದ 1996ರವರೆಗೆ ಕ್ರಿಸ್ಟೋಫರ್ ಟೋಲ್ಕಿನ್ ತಂದೆಯ ಹಸ್ತಪ್ರತಿಗಳನ್ನು 12 ಸಂಪುಟಗಳಲ್ಲಿ ಹೊರತಂದರು; ಅವುಗಳ ವಿವರ ಈ ಕೈಪಿಡಿಯಲ್ಲಿಲ್ಲ. ಅವುಗಳಲ್ಲಿರುವ ಒಂದೇ ಕಥೆಯ ಹಲವು ಕರಡುಗಳನ್ನು ಆಧಾರಸಹಿತ ಜೋಡಿಸಿಡುವ ಕೆಲಸವನ್ನು ಅಭಿಮಾನಿಗಳ ವಿಕಿಗಳು ಇಂದು ಶ್ರದ್ಧೆಯಿಂದ ಮಾಡುತ್ತಿವೆ, ಅದಕ್ಕೆ ನಾನು ಋಣಿ. ಫಾಸ್ಟರ್ ಅವರ ಪದಕೋಶವೂ ಮೊದಲು ಅಭಿಮಾನಿಗಳ ಪತ್ರಿಕೆಯೊಂದರಲ್ಲೇ ಬೆಳಕು ಕಂಡಿತ್ತೆಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಹುಡುಕುವುದಕ್ಕೆ ವಿಕಿಯೇ ಮೇಲು. ಓದುತ್ತ ಕೂರುವುದಕ್ಕೆ ಮಾತ್ರ, ಪ್ರತಿ ವಿವರಣೆಯ ಕೊನೆಯಲ್ಲಿ ಪುಟಸಂಖ್ಯೆ ಕೊಟ್ಟು ಮೂಲಕೃತಿಗೇ ಮರಳಿಸುವ ಈ ಹಳೆಯ ಪುಸ್ತಕವೇ ನನಗೆ ಬೇಕು.