ಅಲ್ಲಿ ಗಾಡಿ ಕೆಟ್ಟು ನಿಂತರೆ ಏನು ಮಾಡುತ್ತೀರಿ?

ವಿಜಯಪುರದಿಂದ ಆರು ಮೋಟರ್ ಸೈಕಲ್‌ಗಳ ಮೇಲೆ ಏಳು ಜನ ಲೇಹ್‌ವರೆಗೆ ಹೋಗಿ ಬಂದೆವು ಎಂದು ಹೇಳಿದ ಕೂಡಲೇ, ಎದುರಿಗಿದ್ದವರು ಹಿಮದ ಬಗ್ಗೆಯಾಗಲಿ ಸರೋವರಗಳ ಬಗ್ಗೆಯಾಗಲಿ ಕೇಳುವುದಿಲ್ಲ. ಮದುವೆಯ ಊಟದ ಪಂಕ್ತಿಯಲ್ಲಿ, ಕ್ಷೌರದಂಗಡಿಯಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಎಲ್ಲೆಡೆಯೂ ಪ್ರಶ್ನೆ ಒಂದೇ: "ಅಲ್ರೀ ಸರ, ಯಾರೂ ಇಲ್ಲದ ಜಾಗಾದಾಗ ಗಾಡಿ ಕೆಟ್ಟು ನಿಂತ್ರ ಏನ್ ಮಾಡ್ತೀರಿ?" ಕೆಟ್ಟದ್ದು ಉಳಿದವರಿಗೆ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ ಎಂದು ನಾನು ಉತ್ತರಿಸುತ್ತೇನೆ. ಕೇಳಿದವರಿಗೆ ಅದು ಜಾರಿಕೊಳ್ಳುವ ಮಾತಿನಂತೆ ಕೇಳಿಸುತ್ತದೆ. ಆದ್ದರಿಂದ ಉದ್ದನೆಯ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಎರಡು ಸಾವಿರ ಕಿಲೋಮೀಟರ್‌ಗಳಿಗೆ ಈ ಪ್ರಶ್ನೆಯೇ ಅನ್ವಯಿಸುವುದಿಲ್ಲ. ನಮ್ಮೂರಿನ ಮೂಲಕ ಹಾದು ಹೋಗುವ ರಾಷ್ಟ್ರೀಯ ಹೆದ್ದಾರಿ 52 ಇತ್ತ ಅಂಕೋಲೆಯಲ್ಲಿ ಮುಗಿದರೆ ಅತ್ತ ಪಂಜಾಬಿನ ಸಂಗ್ರೂರಿನಿಂದ ಹೊರಡುತ್ತದೆ ಎಂಬುದು ವಿಜಯಪುರದ ಎಷ್ಟೋ ಜನರಿಗೆ ತಿಳಿದಿಲ್ಲ. ಸೊಲ್ಲಾಪುರ, ಬೀಡ್, ಧುಳೆ, ಇಂದೂರು, ಕೋಟಾ, ಜೈಪುರ, ಹಿಸಾರ್ ಎಂದು ಒಂದೇ ಅಂಕಿಯ ಕಲ್ಲುಗಳನ್ನು ನೋಡುತ್ತ ಹೋದರೆ ಪಂಜಾಬ್ ತಲುಪುತ್ತೇವೆ. ಔರಂಗಾಬಾದ್ (ಈಗಿನ ಛತ್ರಪತಿ ಸಂಭಾಜಿನಗರ) ದಾಟಿದ ಮೇಲೆ ಇದೇ ಹೆದ್ದಾರಿಯ ಮೇಲೆ 'ಕನ್ನಡ' ಎಂಬ ಹೆಸರಿನ ಊರೊಂದಿದ್ದು, ಅಲ್ಲಿ ಯಾರಿಗೂ ಕನ್ನಡ ಬಾರದಿದ್ದರೂ ಊರಿನ ಫಲಕದ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳದೆ ಮುಂದೆ ಹೋಗಲು ನಮ್ಮಿಂದ ಆಗಲಿಲ್ಲ. ಈ ಇಡೀ ದಾರಿಯಲ್ಲಿ ಹತ್ತು ಕಿಲೋಮೀಟರಿಗೊಂದು ಪಂಕ್ಚರ್ ಅಂಗಡಿ ಸಿಗುತ್ತದೆ. ಗಾಡಿ ಕೆಟ್ಟರೆ ಚಹಾ ಕುಡಿಯಲು ಒಂದು ನೆಪ ಸಿಕ್ಕಿತೆಂದು ತಿಳಿದರಾಯಿತು.

ಪ್ರಶ್ನೆಗೆ ಅರ್ಥ ಬರುವುದು ಮನಾಲಿಯ ಆಚೆ. 2020ರ ಅಕ್ಟೋಬರ್ 3ರಂದು ಉದ್ಘಾಟನೆಯಾದ, 9.02 ಕಿ.ಮೀ. ಉದ್ದದ ಅಟಲ್ ಸುರಂಗದೊಳಗೆ ಹಸಿರು ಬೆಟ್ಟದ ಕಡೆಯಿಂದ ಹೊಕ್ಕು ಆಚೆ ಲಾಹೌಲ್‌ನಲ್ಲಿ ಹೊರಬಿದ್ದಾಗ ಮರಗಳು ವಿರಳವಾಗುತ್ತವೆ. ಚಂದ್ರಾ ಮತ್ತು ಭಾಗಾ ನದಿಗಳು ಕೂಡುವ ತಾಂಡಿಯ ಪೆಟ್ರೋಲ್ ಪಂಪಿನಲ್ಲಿ, ಮುಂದಿನ ಪಂಪು 365 ಕಿ.ಮೀ. ದೂರದಲ್ಲಿದೆ ಎಂದು ಸಾರುವ ಪ್ರಸಿದ್ಧ ಫಲಕವಿದೆ. ಅದರ ಮುಂದೆ ನಿಂತು ನಾವು ಮಾಡಿದ ಲೆಕ್ಕ ಸರಳವಾದದ್ದು. ಊರಲ್ಲಿ ಲೀಟರಿಗೆ ಮೂವತ್ತು ಕೊಡುವ ಗಾಡಿ ಆ ಏರಿನಲ್ಲಿ, ಬಹುಪಾಲು ಎರಡನೇ ಗೇರಿನಲ್ಲೇ ಎಳೆಯುವಾಗ, ಇಪ್ಪತ್ತೈದು ಕೊಟ್ಟರೆ ಹೆಚ್ಚು. ಅಂದರೆ ಹದಿನೈದು ಲೀಟರ್ ಬೇಕು. ಟ್ಯಾಂಕಿನಲ್ಲಿ ಹಿಡಿಸುವಷ್ಟರ ಮೇಲೆ ಗಾಡಿಗೊಂದು ಐದು ಲೀಟರಿನ ಕ್ಯಾನು ಕಟ್ಟಿಕೊಂಡೆವು.

ಇಂಧನಕ್ಕಿಂತ ಗಾಳಿಯ ಕೊರತೆ ದೊಡ್ಡದು. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವ ವಿಜಯಪುರದಲ್ಲಿ ಪಳಗಿದ ಎಂಜಿನ್ನು, 5,328 ಮೀಟರ್ ಎತ್ತರದ ತಾಂಗ್ಲಾಂಗ್ ಲಾ ಕಣಿವೆಮಾರ್ಗದಲ್ಲಿ ಹೆಚ್ಚುಕಡಿಮೆ ಅರ್ಧ ಒತ್ತಡದ ಗಾಳಿಯನ್ನು ಉಸಿರಾಡಬೇಕಾಗುತ್ತದೆ ಮತ್ತು ತನ್ನ ಶಕ್ತಿಯ ಅರ್ಧದ ಹತ್ತಿರದಷ್ಟನ್ನು ಕಳೆದುಕೊಳ್ಳುತ್ತದೆ. ಕಾರ್ಬ್ಯುರೇಟರ್ ಇರುವ ಹಳೆಯ ಗಾಡಿಗಳಲ್ಲಿ ಗಾಳಿ ಕಡಿಮೆಯಾಗಿ ಪೆಟ್ರೋಲು ಹೆಚ್ಚಾಗುವುದರಿಂದ ಪ್ಲಗ್ಗು ಕಪ್ಪಾಗಿ ಗಾಡಿ ಗೊರಗೊರ ಎನ್ನುತ್ತದೆ. ಇಂಜೆಕ್ಷನ್ ಗಾಡಿಗಳು ತಾವೇ ಹೊಂದಿಸಿಕೊಳ್ಳುತ್ತವೆ. ಚಾಲಕ ಗಾಬರಿಯಿಂದ ಕ್ಲಚ್ಚನ್ನು ಅರ್ಧ ಹಿಡಿದೇ ಏರು ಹತ್ತಿಸಿದರೆ ಮಾತ್ರ ಯಾವ ಗಾಡಿಯ ಕ್ಲಚ್ ಪ್ಲೇಟೂ ಉಳಿಯುವುದಿಲ್ಲ.

ನಮ್ಮ ಗುಂಪಿನಲ್ಲಿ ಒಬ್ಬ ಗ್ಯಾರೇಜು ಮಿಸ್ತ್ರಿ ಇದ್ದ. ಸ್ವಂತ ಗಾಡಿ ತರದೆ ನನ್ನ ಹಿಂದೆ ಕುಳಿತು ಬಂದ ಏಳನೆಯವನು ಅವನೇ. ಹೊರಡುವ ಮೊದಲೇ ಅವನು ಪ್ರತಿ ಗಾಡಿಗೂ ಎರಡನೆಯ ಕ್ಲಚ್ ಕೇಬಲ್ಲನ್ನು ಹಳೆಯದರ ಪಕ್ಕದಲ್ಲೇ ಎಳೆದು ಟೇಪು ಸುತ್ತಿಟ್ಟಿದ್ದ. ಒಂದು ಹರಿದರೆ ಎರಡೂ ತುದಿ ಸಿಕ್ಕಿಸಿ ಹೊರಡುವುದಷ್ಟೇ. ಟ್ಯೂಬು, ಚೈನ್ ಲಾಕು, ಪ್ಲಗ್ಗು, ಫ್ಯೂಸು, ಎಂಜಿನ್ ಕೇಸಿಗೆ ಕಲ್ಲು ಬಡಿದು ಬಿರುಕು ಬಿಟ್ಟರೆ ಮೆತ್ತಲು ಎಂ-ಸೀಲು, ಟ್ಯಾಂಕು ಸೋರಿದರೆ ಉಜ್ಜಲು ಬಟ್ಟೆ ಸಾಬೂನು, ಎಲ್ಲವೂ ಅವನ ಚೀಲದಲ್ಲಿದ್ದವು. ಊಟದ ಚಿಂತೆಯನ್ನು ನಮ್ಮ ಮನೆಗಳ ಹೆಣ್ಣುಮಕ್ಕಳು ಪರಿಹರಿಸಿದ್ದರು: ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಮತ್ತು ತಿಕೋಟಾದ ಒಣದ್ರಾಕ್ಷಿ. ನೀರು ಸುಮಾರು 85 ಡಿಗ್ರಿಗೇ ಕುದಿಯುವ, ಕುಕ್ಕರಿಲ್ಲದೆ ಬೇಳೆ ಬೇಯದ ಎತ್ತರದಲ್ಲಿ, ಬೇಯಿಸುವ ಅಗತ್ಯವೇ ಇಲ್ಲದ ರೊಟ್ಟಿಯ ಬೆಲೆ ನಮಗೆ ತಿಳಿಯಿತು.

ಗಾಡಿಗಳನ್ನು ನಿಲ್ಲಿಸುವ ಇನ್ನೊಂದು ಸಂಗತಿ ನಾಲಾಗಳು. ತಾಳಿಕೋಟೆಯ ಬಳಿ ಡೋಣಿ ನದಿ ಸೇತುವೆ ಮುಳುಗಿಸುವುದನ್ನು ಕಂಡು ಬೆಳೆದ ನಮಗೆ, ನೀರು ಏರುವುದು ಮಳೆ ಬಂದಾಗ ಎಂಬುದಷ್ಟೇ ಗೊತ್ತಿತ್ತು. ಅಲ್ಲಿ ನೀರು ಏರುವುದು ಬಿಸಿಲು ಬಂದಾಗ. ರಾತ್ರಿಯ ಚಳಿಗೆ ಹೆಪ್ಪುಗಟ್ಟಿದ ಹಿಮ ಬೆಳಿಗ್ಗೆ ಕರಗಿರುವುದಿಲ್ಲವಾದ್ದರಿಂದ ರಸ್ತೆಯ ಮೇಲೆ ಹರಿಯುವ ತೊರೆಯಲ್ಲಿ ಆರು ಗಂಟೆಗೆ ಪಾದ ಮುಳುಗುವಷ್ಟು ನೀರಿದ್ದರೆ, ಮಧ್ಯಾಹ್ನ ಮೂರಕ್ಕೆ ಅದೇ ಜಾಗದಲ್ಲಿ ಮೊಣಕಾಲು ಮೀರಿರುತ್ತದೆ, ಕೆಳಗಿನ ಕಲ್ಲುಗಳೂ ಕಾಣುವುದಿಲ್ಲ. ನಸುಕಿನಲ್ಲಿ ಹೊರಟರೆ ಅರ್ಧ ಕಷ್ಟ ತಪ್ಪುತ್ತದೆ. ನಸುಕಿನಲ್ಲಿ ಏಳಲು ಒಪ್ಪದ ಗೆಳೆಯರನ್ನು ಕರೆದೊಯ್ಯದಿದ್ದರೆ ಉಳಿದರ್ಧವೂ ತಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ಇನ್ನು ಗುಂಪಿನ ಮಾತು. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಂದು ಬದಿಯಲ್ಲಿ ಉಸುರಿದ ಮಾತು ಸುಮಾರು 38 ಮೀಟರ್ ಆಚೆಯ ಗೋಡೆಯ ಬಳಿ ನಿಂತವರಿಗೆ ಕೇಳಿಸುವುದನ್ನು ನಮ್ಮೂರ ಮಕ್ಕಳೆಲ್ಲ ಆಡಿ ನೋಡಿದ್ದೇವೆ. ಲಡಾಖಿನ ಬಯಲಿನ ಗಾಳಿಯಲ್ಲಿ, ಹೆಲ್ಮೆಟ್ಟಿನೊಳಗೆ, ನೂರು ಹೆಜ್ಜೆ ಹಿಂದಿನ ಗಾಡಿಯ ಹಾರ್ನ್ ಕೂಡ ಕೇಳಿಸುವುದಿಲ್ಲ. ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲ. ಪೋಸ್ಟ್‌ಪೇಯ್ಡ್ ಇದ್ದ ನಮ್ಮಿಬ್ಬರಿಗೂ ದಾರಿಯ ಬಹುಭಾಗದಲ್ಲಿ ಸಿಗ್ನಲ್ ಇರಲಿಲ್ಲ. ಉಳಿದದ್ದು ಕನ್ನಡಿ ಒಂದೇ. ಹೀಗಾಗಿ ನಮ್ಮ ನಿಯಮ ಇಷ್ಟಿತ್ತು: ಪ್ರತಿಯೊಬ್ಬನೂ ತನ್ನ ಹಿಂದಿನವನ ಹೆಡ್‌ಲೈಟನ್ನು ಕನ್ನಡಿಯಲ್ಲಿ ಕಾಣುತ್ತಿರಬೇಕು, ಕಾಣದಿದ್ದರೆ ವೇಗ ತಗ್ಗಿಸಬೇಕು, ಎರಡು ನಿಮಿಷವಾದರೂ ಕಾಣದಿದ್ದರೆ ನಿಲ್ಲಬೇಕು. ಹಿಂದಿನವನು ನಿಂತರೆ ಮುಂದಿನವನು ನಿಲ್ಲುತ್ತಾನೆ, ಅವನನ್ನು ಕಾಣದೆ ಅವನ ಮುಂದಿನವನು ನಿಲ್ಲುತ್ತಾನೆ. ಒಂದು ಮಾತೂ ಇಲ್ಲದೆ ಸುದ್ದಿ ಮೊದಲ ಗಾಡಿಯವರೆಗೆ ಮುಟ್ಟುತ್ತದೆ. ಎಲ್ಲರಿಗಿಂತ ಹಿಂದೆ ತಿಕೋಟಾದ ದ್ರಾಕ್ಷಿ ಬೆಳೆಗಾರರಾದ ನಮ್ಮ ಕಾಕಾ ಇದ್ದರು. ಐವತ್ತು ದಾಟಿದವರಾದರೂ ಗುಂಪಿನಲ್ಲಿ ಅವರಷ್ಟು ತಾಳ್ಮೆಯವರು ಯಾರೂ ಇರಲಿಲ್ಲ.

ಈ ನಿಯಮವನ್ನು ನಾವು ಮುರಿದದ್ದು ಒಂದೇ ದಿನ. ಆ ದಿನ ಬೆಳಿಗ್ಗೆ ಸರ್ಚುವಿನಿಂದ ಹೊರಟು ಗಾಟಾ ಲೂಪ್ಸ್‌ನ 21 ತಿರುವುಗಳನ್ನು ಹತ್ತುವಾಗ, ರಸ್ತೆ ಬದಿಯಲ್ಲಿ ನೀರಿನ ಬಾಟಲಿಗಳ ರಾಶಿಯ ನಡುವೆ ಇರುವ ಪುಟ್ಟ ಗುಡಿಯೊಂದು ಸಿಕ್ಕಿತು. ಬಹಳ ಹಿಂದೆ ಟ್ರಕ್ಕೊಂದು ಅಲ್ಲಿ ಕೆಟ್ಟು ನಿಂತಿತೆಂದೂ, ಕ್ಲೀನರ್ ಹುಡುಗನನ್ನು ಗಾಡಿಯ ಬಳಿ ಬಿಟ್ಟು ಚಾಲಕ ಸಹಾಯ ತರಲು ಹೋದನೆಂದೂ, ಹಿಮ ಬಿದ್ದು ದಾರಿ ಮುಚ್ಚಿ ಅವನು ಮರಳುವಷ್ಟರಲ್ಲಿ ಹುಡುಗ ಚಳಿ ನೀರಡಿಕೆಗಳಿಂದ ಸತ್ತಿದ್ದನೆಂದೂ, ಅಂದಿನಿಂದ ಅವನ ದೆವ್ವ ಹೋಗಿಬರುವವರ ಬಳಿ ನೀರು ಕೇಳುತ್ತದೆಂದೂ ಅಲ್ಲಿಯ ಟ್ರಕ್ಕಿನವರು ಹೇಳುತ್ತಾರೆ. ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆಗೆ ಅಲ್ಲಿ ಗುಡಿಯನ್ನೇ ಕಟ್ಟಿದ್ದಾರೆ. ನಾವೂ ಒಂದು ಬಾಟಲಿ ಇಟ್ಟು ಕೈಮುಗಿದು ಮುಂದೆ ಹೋದೆವು. ಹಿಂದೆ ಉಳಿದವನ ಗುಡಿಗೆ ಬೆಳಿಗ್ಗೆ ನೀರಿಟ್ಟ ನಾವೇ ಮಧ್ಯಾಹ್ನ ನಮ್ಮವರಿಬ್ಬರನ್ನು ಹಿಂದೆ ಬಿಟ್ಟು ಓಡಿದೆವು.

5,000 ಮೀಟರ್ ಮೀರಿದ ಲಾಚುಲುಂಗ್ ಲಾ ದಾಟಿ, ಪಾಂಗ್‌ನಿಂದ ಮೇಲೆ ಹತ್ತಿದರೆ ಮೋರೆ ಬಯಲು ಎದುರಾಗುತ್ತದೆ. ಸುಮಾರು 4,700 ಮೀಟರ್ ಎತ್ತರದಲ್ಲಿ ನಲವತ್ತು ಕಿಲೋಮೀಟರಿನಷ್ಟು ಉದ್ದಕ್ಕೆ ಹಾಸಿದ ಸಮತಟ್ಟು ನೆಲ, ನಡುವೆ ನೇರವಾದ ನುಣ್ಣನೆಯ ಡಾಂಬರು. ಎರಡು ದಿನ ಕಲ್ಲು, ಕೆಸರು, ಧೂಳಿನಲ್ಲಿ ಕೈ ಮರಗಟ್ಟಿಸಿಕೊಂಡವರಿಗೆ ಅಂಥ ರಸ್ತೆ ಕಂಡರೆ ಏನಾಗುತ್ತದೆಯೋ ಅದೇ ನಮಗೂ ಆಯಿತು. ಮೊದಲ ಗಾಡಿ ನನ್ನದು. ಆಕ್ಸಿಲೇಟರ್ ತಿರುವಿದವನೂ ಮೊದಲು ನಾನೇ. ಇಷ್ಟು ನೇರ ರಸ್ತೆಯಲ್ಲಿ ಯಾರು ಎಲ್ಲಿ ತಪ್ಪಿಸಿಕೊಂಡಾರು ಎಂದು ಎಲ್ಲರೂ ಅಂದುಕೊಂಡೆವು. ಬಯಲಿನ ಕೊನೆಯ ಡೆಬ್ರಿಂಗ್‌ನ ಡೇರೆ ಹೋಟೆಲಿನಲ್ಲಿ ಇಳಿದು ಚಹಾ ಹೇಳಿ ಎಣಿಸಿದಾಗ ಗಾಡಿಗಳು ನಾಲ್ಕೇ ಇದ್ದವು.

ಹಿಂದೆ ಆದದ್ದು ಬರೀ ಪಂಕ್ಚರ್. ಐದನೆಯ ಗಾಡಿಯ ಹಿಂದಿನ ಗಾಲಿಗೆ ಮೊಳೆ ಹೊಕ್ಕಿತ್ತು. ಕಾಕಾ ನಿಯಮದಂತೆ ಅವನೊಡನೆ ನಿಂತಿದ್ದರು. ಆದರೆ ಒಳ್ಳೆಯ ಲಿವರುಗಳು, ಕಾಲಿನಿಂದ ಒತ್ತುವ ಪಂಪು, ಅವುಗಳನ್ನು ಬಳಸಬಲ್ಲ ಮಿಸ್ತ್ರಿ, ಈ ಮೂರೂ ನನ್ನ ಗಾಡಿಯ ಮೇಲೆ ಮೂವತ್ತು ಕಿಲೋಮೀಟರ್ ಮುಂದೆ ಓಡಿಹೋಗಿದ್ದವು. ರಿಪೇರಿ ಬಲ್ಲವನನ್ನು ಎಲ್ಲರಿಗಿಂತ ಮುಂದೆ ಕೂರಿಸಿದ್ದು ನನ್ನ ಯೋಜನೆಯ ತಪ್ಪು. ಅದು ಊರಿನಿಂದ ಅಲ್ಲಿಯವರೆಗೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ ಎಂಬುದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಕಾಕಾ ತಮ್ಮಲ್ಲಿದ್ದ ಎರಡು ಚಿಕ್ಕ ಲಿವರುಗಳಿಂದ ಟೈರು ಕಿತ್ತು, ಹೊಸ ಟ್ಯೂಬು ಕೂರಿಸಿ, ಸೈಕಲ್ಲಿನ ಕೈಪಂಪಿನಿಂದ ಮುಕ್ಕಾಲು ಗಂಟೆ ಗಾಳಿ ಹೊಡೆದಿದ್ದರು. ನಾವು ಹಿಂದಿರುಗಿ ಅವರನ್ನು ಸೇರುವ ಹೊತ್ತಿಗೆ ಗಾಲಿ ಸಿದ್ಧವಾಗಿತ್ತು. ಕಾಕಾ ಗಾಡಿಗೆ ಒರಗಿ ನೆಲದ ಮೇಲೆ ಕುಳಿತಿದ್ದರು. ಹೇಗಿದೆ ಎಂದು ಕೇಳಿದರೆ, "ಗಾಡಿ ಚಲೋ ಐತಿ, ತಲಿ ಸಿಡ್ಯಾಕತ್ತೈತಿ" ಎಂದರು. ಡೆಬ್ರಿಂಗ್‌ಗೆ ಕರೆತರುವಷ್ಟರಲ್ಲಿ ಎರಡು ಬಾರಿ ವಾಂತಿಯಾಯಿತು.

ಇದರ ಬೀಜ ಹಿಂದಿನ ರಾತ್ರಿಯೇ ಬಿದ್ದಿತ್ತು. ಸುಮಾರು 3,200 ಮೀಟರಿನ ಜಿಸ್ಪಾದಲ್ಲಿ ಮಲಗಿದ್ದ ನಾವು ಮರುದಿನ 4,890 ಮೀಟರಿನ ಬಾರಾಲಾಚಾ ಲಾ ದಾಟಿ 4,290 ಮೀಟರಿನ ಸರ್ಚುವಿನಲ್ಲಿ ಮಲಗಿದ್ದೆವು. ಮೂರು ಸಾವಿರ ಮೀಟರ್ ಮೀರಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂದು ವೈದ್ಯರು ಹೇಳುತ್ತಾರೆ. ನಾವು ಒಂದೇ ದಿನದಲ್ಲಿ ಅದರ ಎರಡು ಪಟ್ಟು ಏರಿದ್ದೆವು. ಆ ಮೈಮೇಲೆ ಮುಕ್ಕಾಲು ಗಂಟೆಯ ಪಂಪು ಹೊಡೆತ ಬಿದ್ದಿತ್ತು. ಎತ್ತರದ ಕಾಯಿಲೆ ಮೆದುಳಿಗೆ ಏರಿದರೆ ಮೊದಲು ತಪ್ಪುವುದು ನಡಿಗೆಯ ತೂಕ ಎಂಬುದನ್ನು ಓದಿಕೊಂಡಿದ್ದೆ. ಹೆದ್ದಾರಿಯ ಅಂಚಿನ ಬಿಳಿ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸುತ್ತ ಇಪ್ಪತ್ತು ಹೆಜ್ಜೆ ನಡೆಯಲು ಹೇಳಿದಾಗ ಕಾಕಾ, ಪೊಲೀಸರು ಕುಡಿದವರನ್ನು ಪರೀಕ್ಷಿಸುವಂತಿದೆ ಎಂದು ಗೊಣಗಿದರೂ, ವಾಲದೆ ನಡೆದರು. ಅದು ಸಮಾಧಾನದ ವಿಷಯವಾಗಿತ್ತು. ಆದರೂ ಅಲ್ಲಿ ರಾತ್ರಿ ಕಳೆಯುವ ಮಾತಿರಲಿಲ್ಲ. ಈ ಕಾಯಿಲೆಗೆ ಕೆಳಗಿಳಿಯುವುದೇ ಮದ್ದು.

ಆ ದಾರಿಯ ಕುತ್ತು ಇರುವುದು ಇಲ್ಲೇ. ಕೆಳಗಿಳಿಯಬೇಕೆಂದರೆ ಮೊದಲು ಮೇಲೆ ಹತ್ತಬೇಕು. ಹಿಂದೆ ಹೋದರೆ ಲಾಚುಲುಂಗ್ ಲಾ, ನಕೀ ಲಾ, ಬಾರಾಲಾಚಾ ಲಾ ಎಂಬ ಮೂರು ಏರುಗಳು. ಮುಂದೆ ಹೋದರೆ ಒಂದೇ ತಾಂಗ್ಲಾಂಗ್ ಲಾ, ಆದರೆ ಅದು ಎಲ್ಲಕ್ಕಿಂತ ಎತ್ತರ. ಹೋಟೆಲಿನ ಅಕ್ಕ ಮುಂದಕ್ಕೇ ಹೋಗಿ ಎಂದು ಕೈ ತೋರಿಸಿದಳು. ಲೇಹ್‌ಗೆ ಹೊರಟಿದ್ದ ಟೆಂಪೊ ಟ್ರಾವೆಲರ್ ಒಂದನ್ನು ನಿಲ್ಲಿಸಿ ಮುಂದಿನ ಸೀಟು ಬಿಡಿಸಿಕೊಟ್ಟವಳೂ ಅವಳೇ. ಕಾಕಾನ ಗಾಡಿಯನ್ನು ಮಿಸ್ತ್ರಿ ಓಡಿಸಿದ. ಕಣಿವೆಮಾರ್ಗದ ನೆತ್ತಿಯಲ್ಲಿ ಯಾರೂ ಇಳಿಯಲಿಲ್ಲ, ಫೋಟೊ ತೆಗೆಯಲಿಲ್ಲ. ಸಿಂಧೂ ನದಿಯ ದಂಡೆಯ ಉಪ್ಶಿ ತಲುಪಿದಾಗ ಸುಮಾರು 3,400 ಮೀಟರಿಗೆ ಇಳಿದಿದ್ದೆವು. ಟೆಂಪೊದಿಂದ ಇಳಿದ ಕಾಕಾ ರೊಟ್ಟಿ ಉಳಿದಿದೆಯೇ ಎಂದು ಕೇಳಿದರು. ಲೇಹ್‌ನ ಆಸ್ಪತ್ರೆಯಲ್ಲಿ ತೋರಿಸಿ ಎರಡು ದಿನ ಸುಮ್ಮನೆ ಮಲಗಿಸಿದೆವು.

ಇದನ್ನೆಲ್ಲ ಕೇಳಿದವರು, ಸಾಮಾನು ಮತ್ತು ಮಿಸ್ತ್ರಿ ಇರುವ ಒಂದು ಜೀಪನ್ನು ಹಿಂದೆ ಇಟ್ಟುಕೊಳ್ಳಬಾರದಿತ್ತೇ ಎನ್ನುತ್ತಾರೆ. ಇಟ್ಟುಕೊಳ್ಳಬಹುದಿತ್ತು, ಹಣವಿದ್ದರೆ ಒಳ್ಳೆಯದೇ. ಆದರೆ ಜೀಪು ಹಿಂದಿದೆ ಎಂಬ ಧೈರ್ಯದಿಂದ ಯಾರೂ ಕನ್ನಡಿ ನೋಡದಿದ್ದರೆ ಜೀಪೂ ಮೂವತ್ತು ಕಿಲೋಮೀಟರ್ ಹಿಂದೆ ಉಳಿಯುತ್ತದೆ. ನಾನು ಬದಲಿಸುವುದು ದಾರಿಯನ್ನು. ಹೋಗುವಾಗ ಶ್ರೀನಗರ, ಜೋಜಿ ಲಾ, ಕಾರ್ಗಿಲ್ ಮೂಲಕ ಹೋದರೆ ಎತ್ತರ ನಿಧಾನವಾಗಿ ಏರುತ್ತದೆ, ಮಲಗಲು ತಗ್ಗಿನ ಊರುಗಳು ಸಿಗುತ್ತವೆ. ಮೈ ಒಗ್ಗಿದ ಮೇಲೆ ಬರುವಾಗ ಮನಾಲಿಯ ದಾರಿ ಹಿಡಿಯಬಹುದು. ಮಿಸ್ತ್ರಿಯ ಸ್ಥಾನವನ್ನಂತೂ ಲೇಹ್‌ನಲ್ಲೇ ಬದಲಿಸಿದೆವು. ಬರುವಾಗ ಅವನು ಕಾಕಾನ ಗಾಡಿಯ ಹಿಂದಿನ ಸೀಟಿನಲ್ಲಿದ್ದ.

ಮುಂದಿನ ಸಲ 5,091 ಮೀಟರಿನ ಶಿಂಕು ಲಾ ದಾಟಿ ಝಾನ್ಸ್ಕರ್ ಕಣಿವೆಗೆ ಹೋಗುವ ಮಾತು ನಡೆದಿದೆ. ಕೊನೆಯ ಗಾಡಿಯ ಜಾಗ ತನಗೇ ಬೇಕೆಂದು ಕಾಕಾ ಹಟ ಹಿಡಿದಿದ್ದಾರೆ. ಬ್ಯಾಟರಿಗೆ ಜೋಡಿಸಿ ಗಾಳಿ ತುಂಬುವ ಪಂಪೊಂದನ್ನು ಈಗಾಗಲೇ ಕೊಂಡಿದ್ದು, ಹೋದ ವಾರ ತೋಟಕ್ಕೆ ಹೋದಾಗ ಒಣದ್ರಾಕ್ಷಿ ಶೆಡ್ಡಿನ ಮುಂದೆ ಟ್ರ್ಯಾಕ್ಟರ್ ಟ್ರೇಲರಿನ ಗಾಲಿಗೆ ಅದನ್ನು ಸಿಕ್ಕಿಸಿ, ಕೈಯಲ್ಲಿ ಗಡಿಯಾರ ಹಿಡಿದು ಕುಳಿತಿದ್ದರು.