ಎಂಬತ್ತರ ತಾಯಿ ಹಾಡಿಗಾಗಿ ಹಠ ಹಿಡಿದಳು

ಜರ್ಮನಿಯ ರೈನ್ ನದಿಯ ಬಲದಂಡೆಯಲ್ಲಿ, ರೂಡೆಸ್‌ಹೈಮ್ ಪಟ್ಟಣಕ್ಕೆ ಅಂಟಿಕೊಂಡಂತೆ ಐಬಿಂಗೆನ್ ಎಂಬ ಸಣ್ಣ ಊರಿದೆ. ಅಲ್ಲಿನ ಇಗರ್ಜಿಯ ಚಿನ್ನದ ಬಣ್ಣದ ಪೆಟ್ಟಿಗೆಯಲ್ಲಿ ಹನ್ನೆರಡನೇ ಶತಮಾನದ ಮಠಾಧಿಪತಿ ಸಂತ ಹಿಲ್ಡೆಗಾರ್ಡ್ ತಾಯಿಯ ಪವಿತ್ರ ಅವಶೇಷಗಳಿವೆ. ತಲೆಬುರುಡೆ, ಕೂದಲು, ಹೃದಯ, ಜೊತೆಗೆ ನಾಲಿಗೆ. ಪ್ರತಿ ವರ್ಷ ಸೆಪ್ಟೆಂಬರ್ 17ರಂದು, ಅಂದರೆ ಆಕೆ ದೇವರ ಪಾದ ಸೇರಿದ ದಿನ, ಆ ಪೆಟ್ಟಿಗೆಯನ್ನು ಊರಿನ ಬೀದಿಗಳಲ್ಲಿ ಮೆರವಣಿಗೆ ಮಾಡುತ್ತಾರೆ. ಸುತ್ತ ಬೆಟ್ಟದ ಇಳಿಜಾರಿನ ತುಂಬ ದ್ರಾಕ್ಷಿ ತೋಟ. ಗೊಂಚಲುಗಳು ಕೊಯ್ಲಿಗೆ ಬಂದಿರುವ ಹೊತ್ತು. ಜನ ಹಾಡುತ್ತ ನಡೆಯುತ್ತಾರೆ. ನನ್ನ ಮನಸ್ಸು ಮಾತ್ರ ಪ್ರತಿ ಸಲವೂ ಹೋಗಿ ನಿಲ್ಲುವುದು ಆ ನಾಲಿಗೆಯ ಹತ್ತಿರ. ಅದನ್ನು ಒಮ್ಮೆ ಕಟ್ಟಿಹಾಕಿದ್ದರು.

ಹಿಲ್ಡೆಗಾರ್ಡ್ ಹುಟ್ಟಿದ್ದು 1098ರಲ್ಲಿ, ಶ್ರೀಮಂತ ಮನೆಯ ಹತ್ತನೇ ಮಗುವಾಗಿ. ಬಾಲ್ಯದಲ್ಲೇ ಕಣ್ಣಿಗೊಂದು ಬೆಳಕು ಕಾಣುತ್ತಿತ್ತು. ಯಾರಿಗೂ ಹೇಳಲು ಹೆದರಿ ಅದನ್ನು ಒಳಗೇ ಇಟ್ಟುಕೊಂಡಳು. 1112ರಲ್ಲಿ ಡಿಸಿಬೋಡೆನ್‌ಬರ್ಗ್ ಮಠದ ಪಕ್ಕದ ಕೋಣೆಯೊಂದರಲ್ಲಿ ಯುಟ್ಟಾ ಎಂಬ ತಪಸ್ವಿನಿಯ ಜೊತೆ ಆಕೆಯನ್ನು ಒಳಗಿಟ್ಟು ಬಾಗಿಲು ಮುಚ್ಚಿದರು. ಬೈಬಲ್ಲಿನ ಕೀರ್ತನೆಗಳನ್ನು ಹಾಡಲು ಕಲಿತದ್ದು ಅಲ್ಲಿ. ಕಂಡದ್ದನ್ನು ಬರೆ ಎಂಬ ದೈವಾಜ್ಞೆಯಾದದ್ದು 1141ರಲ್ಲಿ, ಆಗ ವಯಸ್ಸು ನಲವತ್ತೆರಡು ದಾಟಿತ್ತು. ಆಮೇಲೆ ಗ್ರಂಥಗಳು, ವೈದ್ಯ, ಬಿಂಗೆನ್ ಬಳಿಯ ರೂಪರ್ಟ್ಸ್‌ಬರ್ಗ್‌ನಲ್ಲಿ ಸ್ವಂತ ಮಠ, ಪೋಪರಿಗೂ ಚಕ್ರವರ್ತಿ ಬಾರ್ಬರೋಸನಿಗೂ ಮುಖ ನೋಡದೆ ಬರೆದ ಪತ್ರಗಳು. ಇವೆಲ್ಲವನ್ನೂ ಎಲ್ಲರೂ ಹೇಳುತ್ತಾರೆ. ನನಗೆ ಹೇಳಬೇಕಿರುವುದು ಆಕೆಯ ಕೊನೆಯ ವರ್ಷದ ಕಥೆ.

1178. ತಾಯಿಗೆ ಎಂಬತ್ತು. ಆ ಹೊತ್ತಿಗೆ ರೂಪರ್ಟ್ಸ್‌ಬರ್ಗ್ ಮಠದ ಸ್ಮಶಾನದಲ್ಲಿ ಒಬ್ಬ ಕುಲೀನನನ್ನು ಮಣ್ಣು ಮಾಡಿದ್ದರು. ಒಂದು ಕಾಲದಲ್ಲಿ ಧರ್ಮಸಭೆ ಅವನಿಗೆ ಬಹಿಷ್ಕಾರ ಹಾಕಿತ್ತು. ಆದರೆ ಸಾಯುವ ಮುಂಚೆ ಪಾಪನಿವೇದನೆ ಮಾಡಿ, ಸಾಯುವವರಿಗೆ ಪವಿತ್ರ ತೈಲ ಹಚ್ಚುವ ಅಭ್ಯಂಗವನ್ನೂ ಪೂಜೆಯ ಪವಿತ್ರ ರೊಟ್ಟಿಯಾದ ಪರಮಪ್ರಸಾದವನ್ನೂ ಪಡೆದು, ಸಭೆಯೊಂದಿಗೆ ರಾಜಿಯಾಗಿದ್ದ. ಮೈನ್ಸ್ ನಗರದ ಮಹಾದೇವಾಲಯದ ಹಿರಿಯರು ಇದನ್ನು ಒಪ್ಪಲಿಲ್ಲ. ಅಲ್ಲಿನ ಮಹಾಧರ್ಮಾಧ್ಯಕ್ಷ (ಆರ್ಚ್‌ಬಿಷಪ್) ಕ್ರಿಶ್ಚಿಯನ್ ಎಂಬವರು ಆಗ ಇಟಲಿಯಲ್ಲಿದ್ದರು. ಹೆಣವನ್ನು ಅಗೆದು ಹೊರಗೆ ಹಾಕಿ, ಇಲ್ಲದಿದ್ದರೆ ಮಠದಲ್ಲಿ ಪೂಜೆ ಇಲ್ಲ, ಪರಮಪ್ರಸಾದ ಇಲ್ಲ, ಹಾಡು ಇಲ್ಲ ಎಂದು ಆ ಹಿರಿಯರೇ ಅಪ್ಪಣೆ ಮಾಡಿದರು. ನಿತ್ಯದ ಪ್ರಾರ್ಥನೆಯನ್ನು ಬಾಗಿಲು ಹಾಕಿಕೊಂಡು ಮೆಲ್ಲನೆ ಓದಿಕೊಳ್ಳಬಹುದು, ಅಷ್ಟೇ.

ತಾಯಿ ಹೆಣ ಅಗೆಯಲಿಲ್ಲ. ದೇವರು ಕ್ಷಮಿಸಿ ಕರೆದುಕೊಂಡವನನ್ನು ಮಣ್ಣಿನಿಂದ ಎಳೆದು ಹಾಕುವುದು ಸಂಸ್ಕಾರಗಳಿಗೇ ಮಾಡುವ ಅವಮಾನ ಎಂದಳು. ತನ್ನ ದಂಡದಿಂದ ಸಮಾಧಿಯ ಮೇಲೆ ಶಿಲುಬೆಯ ಗುರುತು ಹಾಕಿ, ಯಾರೂ ಜಾಗ ಪತ್ತೆ ಮಾಡದ ಹಾಗೆ ನೆಲವನ್ನು ಸಮ ಮಾಡಿಬಿಟ್ಟಳು ಎಂದು ಹೇಳುತ್ತಾರೆ. ಆದರೆ ಹಾಡಬಾರದೆಂಬ ಮಾತನ್ನು ಮಾತ್ರ ಪಾಲಿಸಿದಳು. ಇದರ ಮುಂದೆ ನಾನು ಬೆರಗಾಗಿ ನಿಲ್ಲುತ್ತೇನೆ. ಸತ್ತವನ ಮೇಲೆ ಅನ್ಯಾಯವಾಗಲು ಬಿಡದವಳು ತನ್ನ ಮೇಲಿನ ಅನ್ಯಾಯವನ್ನು ಹೊತ್ತುಕೊಂಡಳು. ಎಪ್ಪತ್ತಕ್ಕೂ ಹೆಚ್ಚು ಭಕ್ತಿಗೀತೆಗಳನ್ನು ರಾಗ ಸಮೇತ ಕಟ್ಟಿದ ತಾಯಿಯ ಮಠದಲ್ಲಿ ತುಟಿ ಅಲುಗಾಡಿಸುವಷ್ಟೇ ಪ್ರಾರ್ಥನೆ ಉಳಿಯಿತು.

ತಾನೇ ಮೈನ್ಸ್‌ಗೆ ಹೋಗಿ ಬೇಡಿಕೊಂಡಳು. ಆ ಹಿರಿಯರಿಗೆ ಬರೆದ ಪತ್ರ ನಮ್ಮ ಪುಣ್ಯಕ್ಕೆ ಇಂದಿಗೂ ಉಳಿದಿದೆ. ತನ್ನ ಸಂಕಟ ಹೇಳಿಕೊಳ್ಳುವುದರಲ್ಲಿ ಶುರುವಾಗುವ ಪತ್ರ ಬೇಗನೆ ಹಾಡೆಂದರೇನು ಎಂಬ ವಿಷಯಕ್ಕೆ ಹೊರಳುತ್ತದೆ. ಪಾಪ ಮಾಡುವ ಮುಂಚೆ ಆದಾಮನ ಕಂಠಕ್ಕೆ ದೇವದೂತರ ಕಂಠದ ಜೊತೆ ನೆಂಟಸ್ತಿಕೆ ಇತ್ತು, ಅದನ್ನು ಅವನು ಕಳೆದುಕೊಂಡ ಎನ್ನುತ್ತಾಳೆ. ಆ ಸ್ವರ್ಗದ ನೆನಪು ಮನುಷ್ಯನಿಗೆ ಮರಳಲಿ ಎಂದೇ ಪ್ರವಾದಿಗಳು ಕೀರ್ತನೆಗಳನ್ನು ಕಟ್ಟಿದರು, ವಾದ್ಯಗಳನ್ನು ಮಾಡಿದರು. ಮನುಷ್ಯ ಹಾಡುವುದನ್ನು ಕೇಳಿದರೆ ಸೈತಾನನಿಗೆ ಸಹಿಸಲಾಗದು, ಹಾಡು ಕೆಡಿಸಲು ಅವನು ಇಗರ್ಜಿಯ ಒಳಗೂ ದಾರಿ ಹುಡುಕುತ್ತಾನೆ. ಆಕೆಯೇ ಬರೆದ ಸಂಗೀತ ನಾಟಕದಲ್ಲೂ ಹೀಗೆಯೇ: ಸದ್ಗುಣಗಳೆಲ್ಲ ಹಾಡುತ್ತವೆ, ಸೈತಾನನೊಬ್ಬನಿಗೆ ರಾಗವಿಲ್ಲ, ಅವನು ಬರೀ ಕಿರುಚುತ್ತಾನೆ. ದೇಹವು ಆತ್ಮದ ಉಡುಪು, ಆದ್ದರಿಂದ ಆತ್ಮದೊಡನೆ ದೇಹವೂ ಕಂಠ ಬಿಟ್ಟು ದೇವರನ್ನು ಸ್ತುತಿಸಬೇಕು ಎನ್ನುತ್ತದೆ ಪತ್ರ. ಕೊನೆಗೆ ಎಚ್ಚರಿಕೆ: ಸರಿಯಾಗಿ ತೂಗಿ ನೋಡದೆ ದೇವರ ಸ್ತುತಿಯನ್ನು ನಿಲ್ಲಿಸುವವರಿಗೆ ಸ್ವರ್ಗದಲ್ಲಿ ದೇವದೂತರ ಗಾಯನದಲ್ಲಿ ಪಾಲು ಸಿಗಲಾರದು. ಎಂಬತ್ತರ ಮುದುಕಿ ತನಗಿಂತ ಮೇಲಿನವರಿಗೆ ಬರೆದದ್ದು ಇದು.

ನಾನಿರುವುದು ಅದೇ ಮೈನ್ಸ್‌ನಲ್ಲಿ. ಈ ಪತ್ರವನ್ನು ಬಹಳ ಹಿಂದೆಯೇ ಓದಿದ್ದರೂ ಅದು ಎದೆಗೆ ತಾಗಿದ್ದು 2020ರಲ್ಲಿ. ಕೊರೊನಾ ಕಾಲದಲ್ಲಿ ಇಲ್ಲಿನ ಇಗರ್ಜಿಗಳ ಬಾಗಿಲು ಮತ್ತೆ ತೆರೆದಾಗ ಜನ ಹಾಡುವಂತಿರಲಿಲ್ಲ. ಬೇನೆ ಹರಡಬಾರದೆಂಬ ಕಾರಣ ನ್ಯಾಯವಾದದ್ದೇ, ತೂಗಿ ನೋಡಿಯೇ ಮಾಡಿದ್ದು. ಆರ್ಗನ್ ನುಡಿಯುತ್ತಿತ್ತು, ಹಾಡಿನ ಪುಸ್ತಕಗಳು ಬೆಂಚಿನ ಮೇಲೆ ಇರಲಿಲ್ಲ, ಮಾಸ್ಕಿನ ಒಳಗೆ ತುಟಿ ಬಿಗಿದು ಕೂತಿದ್ದೆವು. ನನ್ನ ಪಕ್ಕದಲ್ಲಿ ದೂರ ಬಿಟ್ಟು ಕೂತಿದ್ದ ವಯಸ್ಸಾದ ಹೆಂಗಸೊಬ್ಬರ ಬೆರಳು ಬೆಂಚಿನ ಮೇಲೆ ತಾಳ ಹಾಕುತ್ತಿತ್ತು. ಪೂಜೆ ಪೂರ್ತಿಯಾಗಿಯೇ ನಡೆಯಿತು, ಪರಮಪ್ರಸಾದವೂ ಸಿಕ್ಕಿತು. ಆದರೂ ಗಂಟಲಲ್ಲಿ ಏನೋ ಕಟ್ಟಿಕೊಂಡ ಹಾಗಿತ್ತು. ನಮಗೆ ಪ್ರಸಾದವಾದರೂ ಇತ್ತು. ಆ ಮಠದವರಿಗೆ ಅದೂ ಇರಲಿಲ್ಲ.

ಮಠದ ಪರವಾಗಿ ಸಾಕ್ಷಿ ನುಡಿಸಲು ಕಲೋನಿನ ಮಹಾಧರ್ಮಾಧ್ಯಕ್ಷ ಫಿಲಿಪ್ ನೆರವಾದರು. ಕೊನೆಗೆ 1179ರ ಮಾರ್ಚ್‌ನಲ್ಲಿ ಮಹಾಧರ್ಮಾಧ್ಯಕ್ಷ ಕ್ರಿಶ್ಚಿಯನ್ ನಿಷೇಧವನ್ನು ತೆಗೆದುಹಾಕಿದರು. ಅಂದಿನಿಂದ ಸೆಪ್ಟೆಂಬರ್ 17ರವರೆಗೆ ಆರು ತಿಂಗಳು. ಆ ಆರು ತಿಂಗಳು ಆಕೆಯ ಮಠ ಹೇಗೆ ಹಾಡಿರಬಹುದು ಎಂದು ನಾನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ.

ರೂಪರ್ಟ್ಸ್‌ಬರ್ಗ್ ಮಠವನ್ನು 1632ರಲ್ಲಿ ಸ್ವೀಡನ್ನಿನ ಸೈನಿಕರು ಸುಟ್ಟುಹಾಕಿದರು. ಹಾಡುಗಳು ಸುಡಲಿಲ್ಲ. ಅವನ್ನು ಬರೆದಿಟ್ಟ ದೊಡ್ಡ ಹಸ್ತಪ್ರತಿ, ಸುಮಾರು 15 ಕಿಲೋ ತೂಕದ್ದು, ಇಂದು ವೀಸ್‌ಬಾಡೆನ್ ಗ್ರಂಥಾಲಯದಲ್ಲಿದೆ. ಐಬಿಂಗೆನ್‌ನ ಮೇಲಿನ ಗುಡ್ಡದಲ್ಲಿ 1904ರಿಂದ ಬೆನೆಡಿಕ್ಟಿನ್ ಧರ್ಮಭಗಿನಿಯರು ನೆಲೆಸಿದ್ದಾರೆ, ದ್ರಾಕ್ಷಿ ತೋಟ ನೋಡಿಕೊಳ್ಳುತ್ತಾರೆ, ಈ ತಾಯಿಯ ಗೀತೆಗಳನ್ನು ಹಾಡುತ್ತಾರೆ. ಆ ರಾಗ ಒಮ್ಮೆ ತಳದಿಂದ ಮೇಲಕ್ಕೆ ಜಿಗಿದರೆ ಕೇಳುವವನ ಉಸಿರೂ ಅದರ ಜೊತೆ ಹೋಗುತ್ತದೆ. 2012ರ ಅಕ್ಟೋಬರ್ 7ರಂದು ಪೋಪ್ 16ನೇ ಬೆನೆಡಿಕ್ಟ್ ಆಕೆಗೆ ಧರ್ಮಸಭೆಯ ಪಂಡಿತೆ ಎಂಬ ಪದವಿ ಕೊಟ್ಟರು. ಆ ಗೌರವ ಪಡೆದ ಸ್ತ್ರೀಯರಲ್ಲಿ ಆಕೆ ನಾಲ್ಕನೆಯವಳು.

ಕರಾವಳಿಯ ನಮ್ಮವರಿಗೆ ಸೆಪ್ಟೆಂಬರ್ 17ರ ಈ ಹಬ್ಬವನ್ನು ಹಿಡಿದುಕೊಳ್ಳಲು ಒಂದು ಸುಲಭದ ದಾರಿ ಇದೆ. ಸೆಪ್ಟೆಂಬರ್ 8 ನಮಗೆ ಮೊಂತಿ ಹಬ್ಬ, ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ, ಮಕ್ಕಳು ಹೂವು ತಂದು ಬಾಲೆ ಮರಿಯಮ್ಮನಿಗೆ ಹಾಡುತ್ತ ಅರ್ಪಿಸುವ ದಿನ, ಹೊಸ ತೆನೆ ಮನೆಗೆ ಬರುವ ದಿನ. ಅಂದಿನಿಂದ 16ರವರೆಗೆ ಎಣಿಸಿದರೆ ಸರಿಯಾಗಿ ಒಂಬತ್ತು ದಿನ, ಒಂದು ನೊವೆನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ. ನಮ್ಮ ಮನೆಯಲ್ಲಿ ತೆನೆ ಕಟ್ಟಿದ ಸಂಜೆಯೇ ತಾಯಿ ಹಿಲ್ಡೆಗಾರ್ಡ್‌ಳ ಹೆಸರಿನಲ್ಲಿ ಇದನ್ನು ಶುರು ಮಾಡುತ್ತೇವೆ. ದಿನಕ್ಕೆ ಒಂದು ಕೀರ್ತನೆ, ಒಂದು ಹಾಡು, ಆಮೇಲೆ ಹಾಡಲಾಗದ ಸ್ಥಿತಿಯಲ್ಲಿರುವವರಿಗಾಗಿ ಒಂದು ಬಿನ್ನಹ. ಹಾಡು ಕನ್ನಡದ್ದಾಗಲಿ, ಕೊಂಕಣಿಯದಾಗಲಿ, ರಾಗ ಬರಲಿ ಬಾರದಿರಲಿ, ಮನೆಯವರೆಲ್ಲ ಬಾಯಿ ತೆರೆದೇ ಹಾಡಬೇಕು. ನಾವು ಇಟ್ಟುಕೊಂಡಿರುವ ಹರಕೆ ಅಷ್ಟೇ.