ಹನ್ನೆರಡು ಥರದ ಟೀ, ಮೂರು ಥರದ ನೀರು

ಜೂನ್ 8, ಭಾನುವಾರ

ನಾದಿನಿ ಸಂಕ್ರಾಂತಿಗೆ ಬಂದಾಗ ಬೆಂಗಳೂರಿನಿಂದ ತಂದುಕೊಟ್ಟ ಟೀ ಡಬ್ಬಿ ಅಡುಗೆಮನೆಯ ಅಟ್ಟದ ಮೇಲೆ ಹಾಗೇ ಕೂತಿತ್ತು. ಇವತ್ತು ಇಳಿಸಿ ನೋಡಿದೆ. ಹನ್ನೆರಡು ಬಗೆ, ಒಂದೊಂದರಲ್ಲೂ ಐದೈದು ಪೊಟ್ಟಣ, ಅವಧಿ ಮುಗಿಯಲು ಇನ್ನು ಮೂರೇ ತಿಂಗಳು. ದಾಸವಾಳದ್ದರಲ್ಲಿ ಮಾತ್ರ ಒಂದು ಕಮ್ಮಿ. ತಂದ ವಾರವೇ ಅಮ್ಮ ಅದನ್ನು ಹಾಲಿಗೆ ಹಾಕಿ ಕುದಿಸಿದ್ದಳು. ಹಾಲು ಒಡೆದು ಗುಲಾಬಿ ಬಣ್ಣದ ಗಿಣ್ಣಿನ ಹಾಗಾಯಿತು. ಡಬ್ಬಿ ಅಟ್ಟ ಸೇರಿದ್ದು ಆವತ್ತೇ.

ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ಟೀ ಎಂದರೆ ಹಾಲು, ಸಕ್ಕರೆ, ಜಜ್ಜಿದ ಶುಂಠಿ, ಮೂರು ಉಕ್ಕು. ಇದನ್ನೆಲ್ಲ ಹಾಲಿಲ್ಲದೆ ಕುಡಿಯುವವರು ಯಾರು? ಎಸೆಯಲು ಮನಸ್ಸಿಲ್ಲ. ಹಾಗಾಗಿ ಭಾನುವಾರಗಳಂದು ಸಾಲಾಗಿ ರುಚಿ ನೋಡಿ ಬರೆದಿಡುವುದು ಅಂತ ತೀರ್ಮಾನ.

ಹೋಲಿಸಬೇಕಾದರೆ ಅಳತೆ ಒಂದೇ ಇರಬೇಕು. ಇದಕ್ಕೆ ಅಂತರರಾಷ್ಟ್ರೀಯ ಮಾನದಂಡವೇ ಇದೆ, ಐಎಸ್‌ಒ 3103. ನೂರು ಮಿಲಿ ನೀರಿಗೆ ಎರಡು ಗ್ರಾಂ ಎಲೆ, ಕುದಿಯುವ ನೀರು, ಆರು ನಿಮಿಷ. ಕುಡಿಯಲು ಹಿತವಾಗಲಿ ಅಂತ ಮಾಡಿದ್ದಲ್ಲ, ತಪ್ಪೆಲ್ಲ ಎದ್ದು ಕಾಣಲಿ ಅಂತ ಗಟ್ಟಿಯಾಗಿ ಇಳಿಸುವ ಕ್ರಮ. ಇಂಥದ್ದೇ ಬ್ರಿಟಿಷ್ ಮಾನದಂಡ ಬಿಎಸ್ 6008ಕ್ಕೆ 1999ರಲ್ಲಿ ಇಗ್ ನೊಬೆಲ್ ಎಂಬ ತಮಾಷೆಯ ಬಹುಮಾನ ಬಂತು. ಒಂದು ಕಪ್ ಟೀ ಮಾಡಲು ಆರು ಪುಟ ಬರೆದಿದ್ದಕ್ಕೆ, ಅದೂ ಸಾಹಿತ್ಯ ವಿಭಾಗದಲ್ಲಿ!

ನನ್ನ ಹತ್ತಿರ ಇರುವುದು ಬೆಳ್ಳಿ ತೂಗುವಂಥ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ, ಅಡುಗೆ ಥರ್ಮಾಮೀಟರ್, ನಾಲ್ಕು ಬಿಳಿ ಪಿಂಗಾಣಿ ಕಪ್ಪು. ಪೊಟ್ಟಣ ಬಿಚ್ಚಿ ತೂಗಿದರೆ ಕೆಲವು ಒಂದೂವರೆ ಗ್ರಾಂ, ಕೆಲವು ಎರಡು. ಕಮ್ಮಿ ಇದ್ದದ್ದಕ್ಕೆ ನೀರೂ ಕಮ್ಮಿ. ಥರ್ಮಾಮೀಟರ್ ಕುದಿಯುವ ನೀರಲ್ಲಿ 97 ತೋರಿಸಿತು. ಕೆಟ್ಟಿದೆ ಅಂದುಕೊಂಡೆ. ಆಮೇಲೆ ಹೊಳೆಯಿತು, ನಾವಿರುವುದು ಸಮುದ್ರಮಟ್ಟದಿಂದ ಸುಮಾರು ಒಂಬೈನೂರು ಮೀಟರ್ ಮೇಲೆ. ಇಲ್ಲಿ ನೀರು ಕುದಿಯುವುದೇ 97ಕ್ಕೆ.

ಜೂನ್ 15

ಮೊದಲ ಸುತ್ತು, ಕಪ್ಪು ಟೀ ಆಧಾರದವು. ಬರೀ ಕಪ್ಪು, ಅರ್ಲ್ ಗ್ರೇ, ವೆನಿಲ್ಲಾ, ಸ್ಟ್ರಾಬೆರಿ. ಮಗಳು ಕಪ್ಪುಗಳ ತಳಕ್ಕೆ ನಂಬರ್ ಅಂಟಿಸಿ ಅದಲುಬದಲು ಮಾಡಿಟ್ಟಳು. ನಾನು, ನನ್ನಾಕೆ, ಅಮ್ಮ ಕಣ್ಣು ಮುಚ್ಚಿ ಮೂಸಿ, ಗುಟುಕರಿಸಿ, ಹತ್ತಕ್ಕೆ ಅಂಕ ಕೊಡಬೇಕು.

ಫಲಿತಾಂಶ ಹೇಳಲು ನಾಚಿಕೆ. ನಾಲ್ಕಕ್ಕೂ ನಾಲ್ಕೋ ಐದೋ. ಎಲ್ಲವೂ ಮಂಕು ಕಂದು, ಮೇಲೆ ಎಣ್ಣೆ ಬಿದ್ದ ಹಾಗೆ ತೆಳು ಪದರ. ಕಪ್ಪಿನ ಗೋಡೆಗೆ ಕಂದು ಗೆರೆ ಅಂಟಿತ್ತು.

"ರೀ, ಕಪ್ ಸರಿಯಾಗಿ ತೊಳೆದಿದ್ರಾ?"

ಮತ್ತೆ ತೊಳೆದು ಇನ್ನೊಮ್ಮೆ ಮಾಡಿದೆ, ಎಂಟು ಪೊಟ್ಟಣ ಖರ್ಚು. ಅದೇ ಪದರ. ಕೊನೆಗೆ ಕೆಟಲ್ ಒಳಗೆ ಇಣುಕಿದೆ. ತಳದಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಹಕ್ಕಳೆ.

ನಾವು ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತೇವೆ. ಆದರೆ ಟೀಗೆ? "ಹೇಗೂ ಕುದಿಸ್ತೀವಲ್ಲ" ಅಂತ ನಲ್ಲಿಯ ಬೋರ್‌ವೆಲ್ ನೀರು. ಇಷ್ಟು ವರ್ಷ ಹಾಲು, ಸಕ್ಕರೆ, ಶುಂಠಿ ಸೇರಿ ಅದರ ಬಣ್ಣ ಮುಚ್ಚಿದ್ದವು.

ಜೂನ್ 22

ಈ ವಾರ ಟೀಗಿಂತ ನೀರಿನದೇ ಪರೀಕ್ಷೆ. ಗುರುವಾರ ಸಂಜೆ ಚೆನ್ನಾಗಿ ಹೊಡೆದ ಮಳೆಗೆ, ಮೊದಲ ಹತ್ತು ನಿಮಿಷ ಬಿಟ್ಟು, ತಾರಸಿ ಮೇಲೆ ಸ್ಟೀಲ್ ಕೊಳಗ ಇಟ್ಟು ನೀರು ಹಿಡಿದೆ. ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಗೆಳೆಯನದು. ಬೋರ್‌ವೆಲ್ 840, ಕ್ಯಾನ್ ನೀರು 70, ಮಳೆ ನೀರು 20.

ಒಂದೇ ಅರ್ಲ್ ಗ್ರೇಯನ್ನು ಮೂರು ನೀರಲ್ಲಿ ಇಳಿಸಿದೆವು. ಬೋರ್‌ವೆಲ್‌ದು ಮೋರಿ ನೀರಿನ ಬಣ್ಣ, ಪರಿಮಳ ಸತ್ತಿತ್ತು. ಕ್ಯಾನ್ ನೀರಲ್ಲಿ ತಾಮ್ರದ ಬಣ್ಣ, ತಳದ ನಂಬರ್ ಚೀಟಿ ಕಾಣುವಷ್ಟು ತಿಳಿ. ಮಳೆ ನೀರಲ್ಲಿ ಇನ್ನೂ ಹೊಳಪು, ಆದರೆ ನಾಲಿಗೆ ಹಿಡಿಯುವಷ್ಟು ಒಗರು. ಕ್ಯಾನ್ ನೀರಿನ ಕಪ್ಪನ್ನು ಮೂಗಿಗೆ ಹಿಡಿದವಳೇ ಅಮ್ಮ ಹೇಳಿದಳು, "ಹೇರಳೆಕಾಯಿ ಸಿಪ್ಪೆ ಗೀರಿದಂಗಿದೆ ಕಣೋ." ಪಕ್ಕಾ. ಅರ್ಲ್ ಗ್ರೇಗೆ ಹಾಕುವುದು ಬರ್ಗಮಾಟ್ ಎಂಬ ಹಣ್ಣಿನ ಸಿಪ್ಪೆಯ ಎಣ್ಣೆ. ಇಟಲಿಯ ಕಲಾಬ್ರಿಯಾದಲ್ಲಿ ಬೆಳೆಯುವ ನಿಂಬೆ ಕುಲದ್ದು. ಹೋದ ವಾರ ಇದೇ ಅಮ್ಮ ಇದೇ ಟೀಗೆ "ಏನೂ ಇಲ್ಲ ಇದರಲ್ಲಿ" ಅಂದಿದ್ದಳು.

ಆ ಪದರದ ಕಾರಣ ಹುಡುಕಿದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಮೈಕೇಲ್ ಸ್ಪೈರೊ 1990ರ ದಶಕದಲ್ಲಿ ಇದನ್ನೇ ಅಧ್ಯಯನ ಮಾಡಿದ್ದರಂತೆ. ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಇದ್ದಾಗ ಟೀಯ ಒಗರು ಅಂಶ ಗಾಳಿಯ ಆಕ್ಸಿಜನ್ ಜೊತೆ ಸೇರಿ ಕೆನೆಗಟ್ಟುತ್ತದೆ. ಎರಡು ಹನಿ ನಿಂಬೆರಸ ಬಿದ್ದರೆ ಕಟ್ಟುವುದಿಲ್ಲ. ಬೋರ್‌ವೆಲ್ ನೀರಲ್ಲೇ ಮಾಡಿ ನೋಡಿದೆ, ನಿಜ.

ಇನ್ನೊಂದು ವಿಷಯ, ಇದು ರುಚಿಯದ್ದಲ್ಲ. ನಮ್ಮ ಜಿಲ್ಲೆಯ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚು. ಬಾಗೇಪಲ್ಲಿ ಕಡೆ ಹಲ್ಲಿನ ಮೇಲೆ ಕಂದು ಗೀಟು ಇರುವವರನ್ನು ನೋಡದವರು ಯಾರು? ಕುಡಿಯುವ ನೀರಿಗೆ ನಮ್ಮ ಮಾನಕ ಬ್ಯೂರೊ ಹೇಳುವುದು ಲೀಟರಿಗೆ 1 ಮಿಲಿಗ್ರಾಂ, ಬೇರೆ ದಾರಿ ಇಲ್ಲದಿದ್ದರೆ 1.5. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದು ಗಟ್ಟಿಯಾಗುತ್ತದೆ. ಸಾಲದ್ದಕ್ಕೆ ಟೀ ಗಿಡವೇ ಮಣ್ಣಿನಿಂದ ಫ್ಲೋರೈಡ್ ಹೀರಿ ಎಲೆಯಲ್ಲಿ ಕೂಡಿಡುವ ಗಿಡ, ಬಲಿತ ಎಲೆಯಲ್ಲಿ ಇನ್ನೂ ಜಾಸ್ತಿ. ಇವತ್ತಿನಿಂದ ನಮ್ಮ ಹಾಲಿನ ಟೀಗೂ ಕ್ಯಾನ್ ನೀರೇ. ಭಾನುವಾರಗಳ ಈ ಕೆಲಸದಲ್ಲಿ ಮಿಕ್ಕಿದ್ದೇನೂ ಆಗದಿದ್ದರೂ ಇದೊಂದು ಆಯಿತು.

ಮಗಳ ಸಂತೋಷಕ್ಕೆ ಕೊನೆಗೆ ಕಾಂಪೌಂಡಿನ ಶಂಖಪುಷ್ಪ. ಐದು ಹೂವು ಬಿಸಿ ನೀರಿಗೆ ಹಾಕಿದರೆ ಶಾಯಿ ನೀಲಿ; ನಿಂಬೆ ಹಿಂಡಿದರೆ ನೇರಳೆ; ಸೋಡಾಪುಡಿ ಚಿಟಿಕೆ ಹಾಕಿದರೆ ಹಸಿರು. ರುಚಿ? ಹುರುಳಿಕಾಯಿ ಬೇಯಿಸಿದ ನೀರು.

ಜೂನ್ 29

ಬೆಂಗಳೂರಿಗೆ ಮದುವೆಗೆ ಹೋಗಿದ್ದೆವು. ರಾತ್ರಿ ಬಂದು ಹಸಿರು ಟೀ ಒಂದನ್ನೇ ನೋಡಿದೆ. ಕುದಿಯುವ ನೀರಲ್ಲಿ ಕಹಿ ಬೇವು. 80 ಡಿಗ್ರಿಗೆ ಇಳಿಸಿದ ಮೇಲೆ ಪರವಾಗಿಲ್ಲ. ಥರ್ಮಾಮೀಟರ್ ಬೇಕಿಲ್ಲ, ಲೋಟದಿಂದ ಡವರಕ್ಕೆ, ಡವರದಿಂದ ಲೋಟಕ್ಕೆ ಕಾಫಿ ಆರಿಸುವ ಹಾಗೆ ಎರಡು ಸಲ ಸುರಿದರೆ ನನ್ನ ಲೆಕ್ಕಕ್ಕೆ 81ಕ್ಕೆ ಬಂದಿತ್ತು.

ಜುಲೈ 6

ಗಿಡಮೂಲಿಕೆಯವು. ಇವುಗಳಲ್ಲಿ ಟೀ ಎಲೆಯೇ ಇರುವುದಿಲ್ಲ. ಕಪ್ಪು, ಹಸಿರು, ಬಿಳಿ, ಊಲಾಂಗ್ ಎಲ್ಲ ಒಂದೇ ಟೀ ಗಿಡದ್ದು. ಇವು ಬೇರೆ ಬೇರೆ ಹೂವು, ಬೇರು, ಕಡ್ಡಿ. ಅಂದರೆ ನಮ್ಮ ಭಾಷೆಯಲ್ಲಿ ಕಷಾಯ. ಅಮ್ಮ ಇದನ್ನು ಕೇಳಿದ್ದೇ ತಡ, "ಕಷಾಯಕ್ಕೆ ಇಷ್ಟೊಂದು ದುಡ್ಡಾ! ನನ್ನ ಕೇಳಿದ್ರೆ ಕೊತ್ತಂಬರಿ ಬೀಜ, ಜೀರಿಗೆ ಹುರಿದು ಮಾಡ್ಕೊಡ್ತಿದ್ದೆ." ಹಾಗಾದರೆ ಅದೂ ಸಾಲಿಗೆ ಬರಲಿ ಅಂತ ಅವಳ ಕಷಾಯವನ್ನೂ ನಂಬರ್ ಹಾಕಿ ಸೇರಿಸಿದೆ. ಬಣ್ಣದಲ್ಲೇ ಗೊತ್ತಾಗಬಾರದು ಅಂತ ಸ್ಟೀಲ್ ಲೋಟದಲ್ಲಿ ಕೊಟ್ಟೆವು.

ಕ್ಯಾಮೊಮೈಲ್ ಕುಡಿದು ನನ್ನಾಕೆ "ಸೇಬಿನ ಸಿಪ್ಪೆ" ಅಂದಳು, ಅಮ್ಮ "ಬಾಡಿದ ಸೇವಂತಿಗೆ" ಅಂದಳು. ಇಬ್ಬರೂ ಸರಿ. ಗ್ರೀಕಿನಲ್ಲಿ ಆ ಹೆಸರಿನ ಅರ್ಥವೇ ನೆಲಸೇಬು. ಗಿಡ ಸೇವಂತಿಗೆಯ ಕುಟುಂಬದ್ದು. ರಾಯ್‌ಬಾಸ್ ದಕ್ಷಿಣ ಆಫ್ರಿಕಾದ ಸೆಡರ್‌ಬರ್ಗ್ ಬೆಟ್ಟಗಳದು, ಕೆಂಪು ಕಡ್ಡಿ ಕಡ್ಡಿ, ಕೆಫೀನ್ ಇಲ್ಲ. ಹಾಲು ಹಾಕಿದರೂ ತಡೆಯುವುದು ಇದೊಂದೇ. ರಾತ್ರಿ ಊಟದ ಮೇಲೆ ಟೀ ಬೇಕೆನ್ನುವ ನನಗೆ ಇದು ಇಷ್ಟವಾಯಿತು, ಮಿಕ್ಕವರಿಗೆ ಅಷ್ಟಕ್ಕಷ್ಟೆ.

ದಾಸವಾಳ ಅಂತ ಬರೆದಿದ್ದರೂ ಅದು ನಾವು ಗಣಪತಿಗೆ ಇಡುವ ದಾಸವಾಳವಲ್ಲ, ಗೋಂಗೂರದ ಜಾತಿ. ಹೂವು ಉದುರಿದ ಮೇಲೆ ಕಾಯಿಯ ಸುತ್ತ ಉಳಿಯುವ ಕೆಂಪು ತೊಟ್ಟೆಲೆಯನ್ನು ಒಣಗಿಸಿದ್ದು. ಹುಳಿ ಅಂದರೆ ಹುಳಿ, ಹಾಲು ಒಡೆದದ್ದರಲ್ಲಿ ಅಮ್ಮನ ತಪ್ಪೇನಿಲ್ಲ. ಬೆಲ್ಲ ಹಾಕಿ ತಣ್ಣಗೆ ಮಾಡಿದರೆ ಪಾನಕದ ಜಾಗಕ್ಕೆ ಬರುತ್ತದೆ. ಬೋರ್‌ವೆಲ್ ನೀರಲ್ಲಿ ಮಾಡಿದಾಗ ಆ ಹುಳಿಯೇ ಅರ್ಧ ಸತ್ತಿತ್ತು.

ತುಳಸಿ ಪೊಟ್ಟಣ ಸಿಹಿಯಾಗಿತ್ತು, ಸಕ್ಕರೆ ಹಾಕದೆಯೂ. ಪೊಟ್ಟಣದ ಹಿಂದೆ ಓದಿದರೆ ಅತಿಮಧುರದ ಬೇರು. ಅದು ರಕ್ತದೊತ್ತಡ ಏರಿಸಬಲ್ಲದು, ಅಮ್ಮ ಬಿಪಿ ಮಾತ್ರೆಯವಳು. ಅವಳ ಲೋಟ ಕಿತ್ತುಕೊಂಡೆ. ಶುಂಠಿ ನಿಂಬೆ ಪೊಟ್ಟಣದ ಪಟ್ಟಿಯಲ್ಲಿ ಮೊದಲ ಹೆಸರೇ ಹಸಿರು ಟೀ. ಪಟ್ಟಿಯಲ್ಲಿ ಮೊದಲಿದ್ದದ್ದೇ ತೂಕದಲ್ಲಿ ಹೆಚ್ಚು. ಮುಂದೆ ದೊಡ್ಡದಾಗಿ ಏನೇ ಬರೆದಿರಲಿ, ಹಿಂದೆ ಓದದೆ ರಾತ್ರಿ ಕುಡಿದರೆ ನಿದ್ದೆ ಹೋದದ್ದಕ್ಕೆ ಯಾರನ್ನೂ ಬೈಯುವ ಹಾಗಿಲ್ಲ.

ಅತಿ ಹೆಚ್ಚು ಅಂಕ: ಅಮ್ಮನ ಕಷಾಯ, 8. ಅಮ್ಮ ತನ್ನದಕ್ಕೇ ಹತ್ತು ಕೊಟ್ಟುಕೊಂಡಿದ್ದಳು. ಲೋಟ ಗುರುತು ಸಿಕ್ಕಿತ್ತಾ ಅಂದರೆ "ನನ್ನ ಕೈರುಚಿ ನಂಗೆ ಗೊತ್ತಾಗಲ್ವೇನೋ?" ಆ ಅಂಕ ಲೆಕ್ಕದಿಂದ ತೆಗೆದರೂ ಅದೇ ಮೊದಲು.

ಜುಲೈ 13

ಮಲ್ಲಿಗೆ ಹಸಿರು ಟೀ ನನ್ನಾಕೆಗೆ ಹಿಡಿಸಿತ್ತು, ಖಾಲಿಯೂ ಆಗಿತ್ತು. ಚೀನಾದಲ್ಲಿ ಮಲ್ಲಿಗೆ ಟೀಗೆ ಬಳಸುವುದು ನಮ್ಮ ದುಂಡು ಮಲ್ಲಿಗೆಯ ಜಾತಿಯನ್ನೇ. ಸಂಜೆ ಬಿರಿಯುವ ಮೊಗ್ಗನ್ನು ಎಲೆಯ ಜೊತೆ ಪದರ ಪದರವಾಗಿ ಇಟ್ಟು, ಬೆಳಿಗ್ಗೆ ಹೂ ಬೇರ್ಪಡಿಸಿ, ಮರುರಾತ್ರಿ ಹೊಸ ಹೂ. ಒಣ ಟೀ ಎಲೆ ಪಕ್ಕದಲ್ಲಿದ್ದ ವಾಸನೆಯನ್ನೆಲ್ಲ ಹೀರುತ್ತದೆ, ಇಂಗಿನ ಡಬ್ಬಿ ಪಕ್ಕ ಇಟ್ಟವರಿಗೆ ಇದು ಗೊತ್ತು. ನಮ್ಮ ಗಿಡದಲ್ಲಿ ದಿನಕ್ಕೆ ಹದಿನೈದಿಪ್ಪತ್ತು ಮೊಗ್ಗು. ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಯಲ್ಲಿ ರಾಶಿ ಸಿಗುತ್ತದೆ, ಆದರೆ ಮುಡಿಯಲು ಬೆಳೆದ ಹೂವಿಗೆ ಏನೇನು ಔಷಧಿ ಹೊಡೆದಿರುತ್ತಾರೋ, ಕುಡಿಯಲು ಬೇಡ.

ಮೊದಲ ಪ್ರಯತ್ನ ಹಾಳು. ಹೂವನ್ನು ಎರಡು ದಿನ ಒಳಗೇ ಬಿಟ್ಟೆ, ಡಬ್ಬಿ ಬಿಗಿಯಾಗಿ ಮುಚ್ಚಿದ್ದೆ. ತೆಗೆದರೆ ಮದುವೆಯ ಮರುದಿನದ ಛತ್ರ! ಎಲೆಗೂ ತೇವ ಹತ್ತಿ ಮುಗ್ಗಲು. ಎರಡನೇ ಸಲ ಬಟ್ಟೆ ಕಟ್ಟಿದ ಬಟ್ಟಲಲ್ಲಿ, ಬೆಳಿಗ್ಗೆ ಆರಕ್ಕೇ ಹೂ ತೆಗೆದು, ಎಲೆಯನ್ನು ಉಗುರುಬೆಚ್ಚಗಿನ ತವೆಯ ಮೇಲೆ ಆಡಿಸಿ ತೇವ ತೆಗೆದೆ. ನಾಲ್ಕು ರಾತ್ರಿ. ಡಬ್ಬಿಯದರಷ್ಟು ಜೋರಿಲ್ಲ, ಆದರೆ ಗುಟುಕು ಇಳಿದ ಮೇಲೆ ಗಂಟಲಲ್ಲಿ ಮಲ್ಲಿಗೆ ಉಳಿಯುತ್ತದೆ. ಖುಷಿಯಾಯಿತು.

ಜುಲೈ 27

ರೇಷ್ಮೆಯ ಊರು ಶಿಡ್ಲಘಟ್ಟದಲ್ಲಿದ್ದುಕೊಂಡು ಇದನ್ನು ಮಾಡದಿದ್ದರೆ ಹೇಗೆ? ಹಿಪ್ಪುನೇರಳೆ ಸೊಪ್ಪಿನ ಟೀ. ಜಪಾನಿನಲ್ಲಿ ಇದು ಹಳೆಯ ಪಾನೀಯ. ರೇಷ್ಮೆ ಹುಳ ಸಾಕುವ ಗೆಳೆಯನ ತೋಟಕ್ಕೆ ಹೋದೆ, ಹುಳ ಮೂರನೇ ಜ್ವರಕ್ಕೆ, ಅಂದರೆ ಮೇವು ಬಿಟ್ಟು ಪೊರೆ ಕಳಚಲು, ಕೂತಿತ್ತು, ಸೊಪ್ಪಿಗೆ ಬಿಡುವು. ಅವನ ಅಣ್ಣ ನಂಬಲೇ ಇಲ್ಲ.

"ಹುಳಕ್ಕೆ ಹಾಕೋ ಸೊಪ್ಪನ್ನ ನೀವು ಕುಡೀತೀರಾ ಸಾರ್?"

"ಹುಳ ತಿಂದು ಬದುಕ್ತಿದೆಯಲ್ಲ ಅಣ್ಣ, ಔಷಧಿ ಇಲ್ಲ ಅಂತ ಅದಕ್ಕಿಂತ ಗ್ಯಾರಂಟಿ ಯಾರು ಕೊಡ್ತಾರೆ?"

ನಕ್ಕು ಒಂದು ಹೊರೆ ಕಟ್ಟಿಕೊಟ್ಟರು. ಎಳೆ ಎಲೆ ಮಾತ್ರ ಆರಿಸಿ, ಇಡ್ಲಿ ಪಾತ್ರೆಯಲ್ಲಿ ಒಂದು ನಿಮಿಷ ಹಬೆ, ನೆರಳಲ್ಲಿ ಮೊರದ ಮೇಲೆ ಮೂರು ದಿನ, ಆಮೇಲೆ ಸಣ್ಣ ಉರಿಯಲ್ಲಿ ಹುರಿದು ಕೈಯಲ್ಲೇ ಪುಡಿ. ಹುರಿಯದ ಪಾಲು ಹುಲ್ಲು ಹುಲ್ಲು. ಹುರಿದದ್ದಕ್ಕೆ ಹುರಿಗಡಲೆಯ ಕಂಪು, ಒಗರಿಲ್ಲ. ಅಂಕ ಏಳೂವರೆ. ಪಕ್ಕದ ಮನೆ ಚಿಕ್ಕಪ್ಪ ಸಕ್ಕರೆ ಕಾಯಿಲೆಗೆ ಒಳ್ಳೆಯದಂತೆ ಅಂತ ಒಂದು ಪೊಟ್ಟಣ ಕೇಳಿದರು. ಹಿಟ್ಟಿನಂಶ ಸಕ್ಕರೆಯಾಗುವುದನ್ನು ನಿಧಾನ ಮಾಡುವ ಡಿಎನ್‌ಜೆ ಎಂಬ ಅಂಶ ಈ ಸೊಪ್ಪಲ್ಲಿದೆ, ನಿಜ. ಅದಕ್ಕೇ ಮಾತ್ರೆಯ ಜೊತೆ ಸೇರಿ ಸಕ್ಕರೆ ತೀರಾ ಇಳಿದೀತು, ಡಾಕ್ಟರನ್ನು ಕೇಳಿ ಬನ್ನಿ ಅಂದೆ. ಸ್ವಲ್ಪ ಬೇಜಾರಾದರು.

ಅಟ್ಟದ ಡಬ್ಬಿಯಲ್ಲಿ ಉಳಿದಿರುವುದು ವೆನಿಲ್ಲಾ ಒಂದು, ಸ್ಟ್ರಾಬೆರಿ ಎರಡು. ಸ್ಟ್ರಾಬೆರಿಗೆ ಅರ್ಧ ಚಮಚ ಸಕ್ಕರೆ ಬಿದ್ದರೆ ಮಾತ್ರ ಹಣ್ಣಿನ ನೆನಪು ಬರುತ್ತದೆ, ಇಲ್ಲದಿದ್ದರೆ ಹೊಸ ರಬ್ಬರ್ ಮೂಸಿದ ಹಾಗೆ. ಅದನ್ನು ಮಗಳು ತೆಗೆದುಕೊಂಡಳು. ಎರಡನೇ ಸಲದ ಹಿಪ್ಪುನೇರಳೆ ಮೊರದಲ್ಲಿದೆ. ಮಳೆ ಬರುವ ಹಾಗಿದೆ, ಒಳಗೆ ಎತ್ತಿಡಬೇಕು, ಕೊಳಗ ಹೊರಗಿಡಬೇಕು.